ಬಿಸ್ಮತ್ ಟೈಟನೇಟ್‌ನ ಕ್ಯೂರಿ ತಾಪಮಾನ ಸರಿದರೆ ಯಾವ ದೋಷ ಕಾರಣ? ಪತ್ತೆಹಚ್ಚುವ ಕ್ರಮ

ಬಿಸ್ಮತ್ ಟೈಟನೇಟ್ ಪುಡಿಯನ್ನು ಪೆಲೆಟ್ (ಸಣ್ಣ ಬಿಲ್ಲೆ) ಆಗಿ ಒತ್ತಿ, ಸುಟ್ಟು, ಬಿಸಿ ಏರಿಸುತ್ತಾ ಡೈಎಲೆಕ್ಟ್ರಿಕ್ ಸ್ಥಿರಾಂಕ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆ) ಅಳೆದರೆ ಸುಮಾರು 675 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೂಪಾದ ಪೀಕ್ ಸಿಗಬೇಕು. ಅದೇ ಕ್ಯೂರಿ ತಾಪಮಾನ. ಅದರ ಕೆಳಗೆ ವಸ್ತು ಫೆರೋಎಲೆಕ್ಟ್ರಿಕ್ (ತಾನಾಗಿಯೇ ಧ್ರುವೀಕರಣ, ಅಂದರೆ ಧನ-ಋಣ ವಿದ್ಯುದಂಶಗಳ ಬೇರ್ಪಡಿಕೆ, ಇರುವ ಸ್ಥಿತಿ), ಮೇಲೆ ಪ್ಯಾರಾಎಲೆಕ್ಟ್ರಿಕ್ (ತಾನಾಗಿ ಧ್ರುವೀಕರಣ ಇಲ್ಲದ ಸ್ಥಿತಿ). ಪ್ರಯೋಗಾಲಯದಲ್ಲಿ ಸಿಗುವ ಗ್ರಾಫ್ ಮಾತ್ರ ಅಷ್ಟು ಅಚ್ಚುಕಟ್ಟಾಗಿರುವುದಿಲ್ಲ. ಪೀಕ್ ಕೆಲವು ಡಿಗ್ರಿ ಆಚೀಚೆ ಸರಿದಿರುತ್ತದೆ, ಅಗಲವಾಗಿರುತ್ತದೆ, ಅಥವಾ ಕೆಳಗೆಲ್ಲೋ ಇನ್ನೊಂದು ಉಬ್ಬು ಕಾಣಿಸಿಕೊಳ್ಳುತ್ತದೆ. ಆಗ "ಆಕ್ಸಿಜನ್ ಖಾಲಿ ತಾಣಗಳಿಂದ ಹೀಗಾಗಿದೆ" ಎಂದು ಒಂದು ಸಾಲು ಬರೆದು ಮುಂದೆ ಹೋಗುವ ರೂಢಿ ಇದೆ (ಖಾಲಿ ತಾಣ ಎಂದರೆ ಸ್ಫಟಿಕದಲ್ಲಿ ಅಯಾನು ಇರಬೇಕಾಗಿದ್ದು ಇಲ್ಲದ ಜಾಗ). ಅದು ಸರಿಯೂ ಇರಬಹುದು, ಆದರೆ ತೋರಿಸಿಕೊಡದೆ ಹೇಳುವ ಮಾತಲ್ಲ.

ತೋರಿಸಿಕೊಡಲು ಒಂದು ದಾರಿ ಇದೆ: ಅದೇ ಪೆಲೆಟ್‌ನಲ್ಲಿ, ಬದಲಾವಣೆಯ ಎಷ್ಟು ಭಾಗ ಹಿಂದಕ್ಕೆ ಬರುತ್ತದೆ ಎಂದು ನೋಡುವುದು. ಆಕ್ಸಿಜನ್ ಖಾಲಿ ತಾಣಗಳನ್ನು 700 ಡಿಗ್ರಿಯಲ್ಲಿ ಆಕ್ಸಿಜನ್ ಹಾಯಿಸಿ ತುಂಬಬಹುದು. ಬಿಸ್ಮತ್ ಖಾಲಿ ತಾಣಗಳು ಅದಕ್ಕೆ ಬಗ್ಗುವುದಿಲ್ಲ, ಅವಕ್ಕೆ ಬಿಸ್ಮತ್ ಆವಿಯೇ ಬೇಕು. ಪದರಗಳ ಜೋಡಣೆಯಲ್ಲಾದ ತಪ್ಪು ಇವೆರಡಕ್ಕೂ ಜಗ್ಗದು. ಕೆಳಗಿನ ಕ್ರಮವೆಲ್ಲ ಈ ಮೂರನ್ನು ಒಂದರಿಂದ ಒಂದು ಬಿಡಿಸುವುದಕ್ಕಾಗಿ.

ಮೊದಲು ರಚನೆ

ಸ್ವೀಡನ್ನಿನ ಬೆಂಗ್ಟ್ ಔರಿವಿಲಿಯಸ್ 1949ರಲ್ಲಿ ವಿವರಿಸಿದ ಪದರ ಪೆರೊವ್‌ಸ್ಕೈಟ್ ಕುಟುಂಬದ ಪ್ರಸಿದ್ಧ ಸದಸ್ಯ ಇದು. ಒಂದು ಘಟಕ ಸೂತ್ರದಲ್ಲಿ 4 ಬಿಸ್ಮತ್, 3 ಟೈಟಾನಿಯಂ, 12 ಆಕ್ಸಿಜನ್. ಬಿಸ್ಮತ್ ಆಕ್ಸೈಡ್‌ನ ತೆಳು ಹಾಳೆ, ಅದರ ಮೇಲೆ ಮೂರು ಅಷ್ಟಮುಖಿ ದಪ್ಪದ ಪೆರೊವ್‌ಸ್ಕೈಟ್ ಪದರ (ಆರು ಆಕ್ಸಿಜನ್‌ಗಳ ನಡುವೆ ಒಂದು ಟೈಟಾನಿಯಂ ಕೂತ ಘಟಕವೇ ಅಷ್ಟಮುಖಿ), ಮತ್ತೆ ಹಾಳೆ, ಹೀಗೆ. ಕೋಣೆಯ ಉಷ್ಣತೆಯಲ್ಲಿ ಘಟಕ ಕೋಶದ ಅಳತೆ ಸುಮಾರು 5.45, 5.41 ಮತ್ತು 32.8 ಆಂಗ್‌ಸ್ಟ್ರಾಮ್. ಮೊದಲೆರಡರ ನಡುವಿನ ಆ ಸಣ್ಣ ವ್ಯತ್ಯಾಸ ಕ್ಯೂರಿ ತಾಪಮಾನದ ಮೇಲೆ ಅಳಿಸಿಹೋಗಿ ರಚನೆ ಟೆಟ್ರಾಗೊನಲ್ ಆಗುತ್ತದೆ. ಎಕ್ಸ್‌ರೇಯಲ್ಲಿ ಪರಿವರ್ತನೆಯನ್ನು ಹಿಡಿಯಲು ಅದೇ ನಮಗೆ ಗುರುತು.

ಧ್ರುವೀಕರಣ ಹುಟ್ಟುವುದು ಮುಖ್ಯವಾಗಿ ಪೆರೊವ್‌ಸ್ಕೈಟ್ ಪದರದ ಒಳಗಿನ ಬಿಸ್ಮತ್‌ನಿಂದ. ಅದರ ಒಂಟಿ ಎಲೆಕ್ಟ್ರಾನ್ ಜೋಡಿ (ಬಂಧಕ್ಕೆ ಸೇರದ ಎರಡು ಎಲೆಕ್ಟ್ರಾನ್) ಅಯಾನನ್ನು ನಡುಮಧ್ಯದಿಂದ ಪಕ್ಕಕ್ಕೆ ತಳ್ಳುತ್ತದೆ, ಅಷ್ಟಮುಖಿಗಳು ವಾಲುತ್ತವೆ. ಪದರದ ಸಮತಲದಲ್ಲಿ ಧ್ರುವೀಕರಣ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 50 ಮೈಕ್ರೋಕೂಲಂಬ್, ಪದರಕ್ಕೆ ಲಂಬವಾಗಿ ಸುಮಾರು 4 ಮಾತ್ರ. ದೋಷಗಳ ಪರಿಣಾಮವೆಂದರೆ ಈ ಬಿಸ್ಮತ್‌ಗೆ ಏನಾಯಿತು, ಅದರ ಸುತ್ತಲಿನ ಆಕ್ಸಿಜನ್‌ಗೆ ಏನಾಯಿತು ಎಂಬ ಪ್ರಶ್ನೆಯೇ. ಈ ಕುಟುಂಬದ ಫೆರೋಎಲೆಕ್ಟ್ರಿಕ್ ಗುಣವನ್ನು 1960ರ ದಶಕದ ಆರಂಭದಲ್ಲಿ ಕ್ರಮವಾಗಿ ಅಳೆದವರಲ್ಲಿ ಇ. ಸಿ. ಸುಬ್ಬರಾವ್ ಪ್ರಮುಖರು, ಆಮೇಲೆ ಅವರು ಕಾನ್ಪುರದ ಐಐಟಿಯಲ್ಲಿ ಲೋಹಶಾಸ್ತ್ರ ವಿಭಾಗ ಕಟ್ಟಿದರು.

ದೋಷ ಹೇಗೆ ಹುಟ್ಟುತ್ತದೆ

ಬಿಸ್ಮತ್ ಆಕ್ಸೈಡ್ 817 ಡಿಗ್ರಿಯಲ್ಲಿ ಕರಗುತ್ತದೆ. ಟೈಟನೇಟ್ ಆಗಿ ಕೂಡಿಕೊಂಡ ಮೇಲೂ 1000 ಡಿಗ್ರಿ ದಾಟಿದರೆ ಅದು ಆವಿಯಾಗಿ ಹೋಗುತ್ತಲೇ ಇರುತ್ತದೆ. ಹೋಗುವಾಗ ಒಂಟಿಯಾಗಿ ಹೋಗುವುದಿಲ್ಲ: ಎರಡು ಬಿಸ್ಮತ್ ಹೊರಟರೆ ವಿದ್ಯುತ್ ಸಮತೋಲಕ್ಕಾಗಿ ಮೂರು ಆಕ್ಸಿಜನ್ ಜೊತೆಗೆ ಹೋಗಬೇಕು. ಅಂದರೆ ಒಂದೊಂದು ಬಿಸ್ಮತ್ ಖಾಲಿ ತಾಣದ ಜೊತೆ ಒಂದೂವರೆ ಆಕ್ಸಿಜನ್ ಖಾಲಿ ತಾಣ ಬಂದೇ ಬರುತ್ತದೆ. ಎರಡನ್ನೂ ಬೇರೆ ಬೇರೆ ಕಾರಣಗಳೆಂದು ಎಣಿಸುವವರು ಇಲ್ಲೇ ಎಡವುತ್ತಾರೆ.

ಇದರಿಂದ ಇನ್ನೊಂದು ತೊಡಕೂ ಹುಟ್ಟುತ್ತದೆ. ಬಿಸ್ಮತ್ ಕಡಿಮೆಯಾದ ಪೆಲೆಟ್‌ಗೆ ಆಕ್ಸಿಜನ್ ತುಂಬಿದಾಗ, ತುಂಬಿದ ಒಂದೊಂದು ಖಾಲಿ ತಾಣಕ್ಕೂ ಎರಡು ಹೋಲ್‌ಗಳು (ಎಲೆಕ್ಟ್ರಾನ್ ಕೊರತೆಯಿಂದಾದ ಧನ ವಾಹಕಗಳು) ಹುಟ್ಟುತ್ತವೆ. ಈ ವಸ್ತು ಗಾಳಿಯಲ್ಲಿ ಪಿ-ಟೈಪ್ (ಹೋಲ್‌ಗಳಿಂದ ವಿದ್ಯುತ್ ಹರಿಯುವ) ವಾಹಕವಾಗಿರಲು ಅದೇ ಕಾರಣ. ಹಾಗಾಗಿ ಆಕ್ಸಿಜನ್‌ನಲ್ಲಿ ಕಾಯಿಸಿದ ಮೇಲೆ ವಿದ್ಯುತ್ ಸೋರಿಕೆ ಕಡಿಮೆಯಾಗಲೇಬೇಕು ಎಂದೇನಿಲ್ಲ; ಬಿಸ್ಮತ್ ಕೊರತೆ ಇದ್ದರೆ ಹೆಚ್ಚಾಗಲೂಬಹುದು. ಹಾಗೆ ಹೆಚ್ಚಾದರೆ ಅದನ್ನು ಪ್ರಯೋಗದ ತಪ್ಪೆಂದು ಬದಿಗಿಡಬೇಡಿ, ಬಿಸ್ಮತ್ ಕೊರತೆಗೆ ಅದೊಂದು ಸಾಕ್ಷಿ.

ನಾಲ್ಕು ಮಾದರಿಗಳ ತೂಕ

ಒಂದೇ ಮಾದರಿ ಅಳೆದು ದೋಷದ ಬಗ್ಗೆ ಏನೂ ಹೇಳಲಾಗದು. ಕನಿಷ್ಠ ನಾಲ್ಕು ಬೇಕು, ಪ್ರತಿಯೊಂದೂ 20 ಗ್ರಾಂ.

1. ಸರಿಯಾದ ಅನುಪಾತದ್ದು: ಬಿಸ್ಮತ್ ಆಕ್ಸೈಡ್ 15.910 ಗ್ರಾಂ, ಟೈಟಾನಿಯಂ ಡೈಆಕ್ಸೈಡ್ 4.090 ಗ್ರಾಂ.

2. ಬಿಸ್ಮತ್ ಹೆಚ್ಚಿಗೆ ಇರುವುದು: ಮೇಲಿನದಕ್ಕೇ ಶೇಕಡಾ 3ರಷ್ಟು ಹೆಚ್ಚುವರಿ ಬಿಸ್ಮತ್ ಆಕ್ಸೈಡ್, ಅಂದರೆ ಒಟ್ಟು 16.387 ಗ್ರಾಂ.

3. ನಿಯೋಬಿಯಂ ಬೆರೆಸಿದ್ದು: ಬಿಸ್ಮತ್ ಆಕ್ಸೈಡ್ 15.850 ಗ್ರಾಂ, ಟೈಟಾನಿಯಂ ಡೈಆಕ್ಸೈಡ್ 4.014 ಗ್ರಾಂ, ನಿಯೋಬಿಯಂ ಪೆಂಟಾಕ್ಸೈಡ್ 0.136 ಗ್ರಾಂ. ಇಲ್ಲಿ 3 ಟೈಟಾನಿಯಂನಲ್ಲಿ 0.06 ಭಾಗ ನಿಯೋಬಿಯಂ ಆಗಿದೆ, ಹೆಚ್ಚುವರಿ ವಿದ್ಯುದಂಶ ಸರಿದೂಗಲು ಬಿಸ್ಮತ್ 4ರಿಂದ 3.98ಕ್ಕೆ ಇಳಿದಿದೆ. ಈ ದಾನಿ ಅಯಾನು (ಟೈಟಾನಿಯಂಗಿಂತ ಒಂದು ಧನ ವಿದ್ಯುದಂಶ ಹೆಚ್ಚಿರುವುದು) ಆಕ್ಸಿಜನ್ ಖಾಲಿ ತಾಣಗಳನ್ನೂ ಹೋಲ್‌ಗಳನ್ನೂ ಒಟ್ಟಿಗೇ ಅದುಮುತ್ತದೆ.

4. ಲ್ಯಾಂಥನಂ ಬೆರೆಸಿದ್ದು: ಬಿಸ್ಮತ್ ಆಕ್ಸೈಡ್ 13.534 ಗ್ರಾಂ, ಲ್ಯಾಂಥನಂ ಆಕ್ಸೈಡ್ 2.184 ಗ್ರಾಂ, ಟೈಟಾನಿಯಂ ಡೈಆಕ್ಸೈಡ್ 4.282 ಗ್ರಾಂ. ಬಿಸ್ಮತ್ 3.25, ಲ್ಯಾಂಥನಂ 0.75. ತೆಳು ಪದರಗಳಲ್ಲಿ ಧ್ರುವೀಕರಣ ಮತ್ತೆ ಮತ್ತೆ ದಿಕ್ಕು ಬದಲಿಸಿದರೂ ದಣಿಯದಿರುವುದನ್ನು 1999ರಲ್ಲಿ ತೋರಿಸಿ ಹೆಸರಾದ ಮಿಶ್ರಣ ಇದೇ. ಲ್ಯಾಂಥನಂಗೆ ಒಂಟಿ ಜೋಡಿ ಇಲ್ಲ, ಪೆರೊವ್‌ಸ್ಕೈಟ್ ಪದರಕ್ಕೇ ಹೋಗಿ ಕೂರುತ್ತದೆ, ಕ್ಯೂರಿ ತಾಪಮಾನವನ್ನು ಸುಮಾರು 400 ಡಿಗ್ರಿಯ ಆಸುಪಾಸಿಗೆ ಇಳಿಸಿಬಿಡುತ್ತದೆ. ಅಯಾನು ಬದಲಾದರೆ ಎಷ್ಟು ದೊಡ್ಡ ಜಿಗಿತ ಆಗುತ್ತದೆ, ಖಾಲಿ ತಾಣಗಳಿಂದ ಎಷ್ಟು ಸಣ್ಣದು ಆಗುತ್ತದೆ ಎಂದು ಪಕ್ಕಪಕ್ಕದಲ್ಲಿ ಇಟ್ಟು ನೋಡಲು ಇದು ಬೇಕು.

ತೂಗುವ ಮೊದಲು ಬಿಸ್ಮತ್ ಆಕ್ಸೈಡನ್ನು 500 ಡಿಗ್ರಿಯಲ್ಲಿ 3 ಗಂಟೆ ಕಾಯಿಸಿ. ಹಳೆಯ ಡಬ್ಬಿಯದ್ದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸ್ವಲ್ಪ ಕಾರ್ಬೊನೇಟ್ ಆಗಿರುತ್ತದೆ. ಲ್ಯಾಂಥನಂ ಆಕ್ಸೈಡ್ ಇನ್ನೂ ಹಠಮಾರಿ, 900ರಿಂದ 1000 ಡಿಗ್ರಿಯಲ್ಲಿ ಸುಟ್ಟು, ಬಿಸಿಯಾಗಿರುವಾಗಲೇ ಡೆಸಿಕೇಟರ್‌ಗೆ (ತೇವ ತಾಗದ ಮುಚ್ಚಿದ ಪಾತ್ರೆಗೆ) ಹಾಕಿ, ಆರಿದ ಕೂಡಲೇ ತೂಗಬೇಕು. ಕಪಾಟಿನಿಂದ ತೆಗೆದು ನೇರವಾಗಿ ತೂಗಿದರೆ ಹೈಡ್ರಾಕ್ಸೈಡ್ ತೂಕವೂ ಸೇರಿ ಲ್ಯಾಂಥನಂ ಕಡಿಮೆ ಬೀಳುತ್ತದೆ, ಅದರ ಫಲವಾಗಿ ಕ್ಯೂರಿ ತಾಪಮಾನ ಏರಿದಂತೆ ಕಾಣುತ್ತದೆ.

ಅರೆಯುವುದು, ಸುಡುವುದು

ಜಿರ್ಕೋನಿಯಾ ಗುಂಡುಗಳ ಜೊತೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಗಿರಣಿಯಲ್ಲಿ 12 ಗಂಟೆ ಅರೆಯಿರಿ. ಇಲ್ಲಿ ಒಂದು ಎಚ್ಚರ ಬೇಕು: ಬಿಸ್ಮತ್ ಆಕ್ಸೈಡ್‌ನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 8.9 ಗ್ರಾಂ, ಟೈಟಾನಿಯಂ ಡೈಆಕ್ಸೈಡ್‌ನದು ಸುಮಾರು 4.2. ಅರೆದ ಹಿಟ್ಟನ್ನು ತಟ್ಟೆಗೆ ಸುರಿದು ಸುಮ್ಮನೆ ಒಣಗಲು ಬಿಟ್ಟರೆ ಬಿಸ್ಮತ್ ತಳ ಸೇರುತ್ತದೆ, ಮೇಲೆ ಬಿಳಿ ಟೈಟಾನಿಯಾ ಕೆನೆ ನಿಲ್ಲುತ್ತದೆ. ಬಿಸಿ ಪ್ಲೇಟಿನ ಮೇಲಿಟ್ಟು ಗಟ್ಟಿಯಾಗುವವರೆಗೆ ಕಲಕುತ್ತಲೇ ಇರಿ.

ಮೊದಲ ಸುಡುವಿಕೆ 750 ಡಿಗ್ರಿಯಲ್ಲಿ 4 ಗಂಟೆ, ನಿಮಿಷಕ್ಕೆ 3 ಡಿಗ್ರಿ ಏರಿಕೆ. ಆಮೇಲೆ ಮತ್ತೆ ಅರೆದು 850 ಡಿಗ್ರಿಯಲ್ಲಿ ಇನ್ನು 4 ಗಂಟೆ. ನೇರವಾಗಿ 850ಕ್ಕೆ ಹಾರಬಾರದು. ಕೂಡಿಕೊಳ್ಳದೆ ಉಳಿದ ಬಿಸ್ಮತ್ ಆಕ್ಸೈಡ್ ಕರಗಿ ಅಲ್ಯೂಮಿನಾ ಮೂಸೆಯನ್ನೇ ಕೊರೆಯುತ್ತದೆ, ಅಲ್ಯೂಮಿನಿಯಂ ಕೂಡ ಮಾದರಿಗೆ ಸೇರಿಕೊಳ್ಳುತ್ತದೆ. ಈಗ ಎಕ್ಸ್‌ಆರ್‌ಡಿ (ಎಕ್ಸ್‌ರೇ ವಿವರ್ತನೆ) ತೆಗೆಯಿರಿ. ತಾಮ್ರದ ಎಕ್ಸ್‌ರೇಯಲ್ಲಿ ಎರಡು-ಥೀಟಾ (ಕಿರಣ ತಿರುಗುವ ಕೋನ) 30.1 ಡಿಗ್ರಿಯಲ್ಲಿ 117 ಎಂಬ (ಸ್ಫಟಿಕ ತಲದ ಗುರುತು ಸಂಖ್ಯೆ) ಅತಿ ಬಲದ ಪೀಕ್ ಇರಬೇಕು. 27.7ರಲ್ಲಿ ಸಣ್ಣ ಪೀಕ್ ಕಂಡರೆ ಬಿಸ್ಮತ್ ಹೆಚ್ಚಿರುವ ಸಿಲೆನೈಟ್ ಎಂಬ ಸಂಯುಕ್ತ ಉಳಿದಿದೆ, ಕೂಡುವಿಕೆ ಮುಗಿದಿಲ್ಲ. 14.8ರಲ್ಲಿ ಕಂಡರೆ ಅದು ಬಿಸ್ಮತ್ ಕಡಿಮೆಯಿರುವ ಪೈರೊಕ್ಲೋರ್ ಎಂಬ ಸಂಯುಕ್ತ, ಬಿಸ್ಮತ್ ಈಗಾಗಲೇ ಸಾಕಷ್ಟು ಕಡಿಮೆಯಾಗಿದೆ. ಪೈರೊಕ್ಲೋರ್‌ನ ಬಲವಾದ ಪೀಕ್ 29.9ರ ಹತ್ತಿರ 117ರ ಅಡಿಯಲ್ಲೇ ಅವಿತುಕೊಳ್ಳುತ್ತದೆ, ಆದ್ದರಿಂದ ಸ್ಕ್ಯಾನನ್ನು 20ರಿಂದ ಶುರು ಮಾಡದೆ 10ರಿಂದ ಶುರು ಮಾಡಿ.

ಪುಡಿಗೆ ಶೇಕಡಾ 5ರ ಪಾಲಿವಿನೈಲ್ ಆಲ್ಕೊಹಾಲ್ ದ್ರಾವಣ ಕೆಲವು ಹನಿ ಬೆರೆಸಿ 10 ಮಿ.ಮೀ. ಅಚ್ಚಿನಲ್ಲಿ 150 ಮೆಗಾಪ್ಯಾಸ್ಕಲ್‌ಗೆ ಒತ್ತಿ. ಈ ಅಚ್ಚಿಗೆ ಅದು ಸುಮಾರು 1.2 ಟನ್ ಭಾರ. ಇನ್ನೂ ಹೆಚ್ಚು ಒತ್ತಿದರೆ ಪೆಲೆಟ್ ಅಡ್ಡಡ್ಡ ಬಿರಿಯುತ್ತದೆ, ಮೇಲಿನ ಬಿಲ್ಲೆ ಕಳಚಿಕೊಳ್ಳುತ್ತದೆ. 600 ಡಿಗ್ರಿಯವರೆಗೆ ನಿಮಿಷಕ್ಕೆ 1 ಡಿಗ್ರಿಯಂತೆ ಏರಿಸಿ ಅಂಟನ್ನು ಸುಟ್ಟು ತೆಗೆದು, ಆರಿಸಿ, ಪೆಲೆಟ್ ತೂಗಿ. 0.1 ಮಿಲಿಗ್ರಾಂವರೆಗೆ. ಈ ತೂಕ ಬರೆದಿಡದಿದ್ದರೆ ಮುಂದಿನ ಲೆಕ್ಕವೇ ಇಲ್ಲ.

ಕೊನೆಯ ಸುಡುವಿಕೆ 1050 ಡಿಗ್ರಿಯಲ್ಲಿ 2 ಗಂಟೆ. ಪೆಲೆಟನ್ನು ಅದೇ ಮಿಶ್ರಣದ ಪುಡಿಯಲ್ಲಿ ಹುದುಗಿಸಿ, ಮೂಸೆಗೆ ಮುಚ್ಚಳ ಹಾಕಿ. ಮೊದಲ ಮಾದರಿಯ ಇನ್ನೊಂದು ಪೆಲೆಟನ್ನು ಮಾತ್ರ ಬೇಕೆಂದೇ ಪುಡಿ, ಮುಚ್ಚಳ ಏನೂ ಇಲ್ಲದೆ ತೆರೆದ ತಟ್ಟೆಯಲ್ಲಿ, ಪ್ರತ್ಯೇಕ ಸುತ್ತಿನಲ್ಲಿ ಸುಡಿ. ಬಿಸ್ಮತ್ ಕೊರತೆಯ ಮಾದರಿ ಅದು. ಸೀಸದ ಆಕ್ಸೈಡ್ ಸುಟ್ಟ ಕುಲುಮೆಯನ್ನು ಈ ಕೆಲಸಕ್ಕೆ ಬಳಸಬೇಡಿ, ಗೋಡೆಯಿಂದ ಸೀಸ ಹೊರಬಂದು ಸೇರಿಕೊಳ್ಳುತ್ತದೆ.

1050ರಿಂದ 600ರವರೆಗೆ ನಿಮಿಷಕ್ಕೆ 1 ಡಿಗ್ರಿಯಂತೆ ಇಳಿಸಿ. ಇದು ಬರೀ ಬಿರುಕು ತಪ್ಪಿಸಲು ಅಲ್ಲ. ಹೆಚ್ಚಿನ ತಾಪದಲ್ಲಿ ಹೊರಬಿದ್ದ ಆಕ್ಸಿಜನ್ ಮತ್ತೆ ಒಳಗೆ ಸೇರಲು ಸಮಯ ಬೇಕು. ಬೇಗ ತಣಿಸಿದರೆ 1000 ಡಿಗ್ರಿಯ ಖಾಲಿ ತಾಣಗಳು ಹಾಗೆಯೇ ಹೆಪ್ಪುಗಟ್ಟುತ್ತವೆ. ಕುಲುಮೆಯ ಸ್ವಿಚ್ ಆರಿಸಿ ಮನೆಗೆ ಹೋಗುವ ಅಭ್ಯಾಸದಿಂದಲೇ ಎಷ್ಟೋ ಮಾದರಿಗಳ ಕ್ಯೂರಿ ತಾಪಮಾನ ಒಂದಕ್ಕೊಂದು ತಾಳೆಯಾಗುವುದಿಲ್ಲ.

ತಕ್ಕಡಿಯಿಂದಲೇ ದೋಷದ ಲೆಕ್ಕ

ಸುಟ್ಟ ಪೆಲೆಟನ್ನು ಮತ್ತೆ ತೂಗಿ. 1 ಗ್ರಾಂ ಪೆಲೆಟ್ 4 ಮಿಲಿಗ್ರಾಂ ಕಳೆದುಕೊಂಡಿದೆ ಎಂದುಕೊಳ್ಳಿ. ಹೋದದ್ದೆಲ್ಲ ಬಿಸ್ಮತ್ ಆಕ್ಸೈಡ್ ಆದರೆ, 4 ಮಿಲಿಗ್ರಾಂಗೆ 465.96 ಅಣುತೂಕದಂತೆ 8.6 ಮೈಕ್ರೋಮೋಲ್ ಆಕ್ಸೈಡ್, ಅಂದರೆ 17.2 ಮೈಕ್ರೋಮೋಲ್ ಬಿಸ್ಮತ್. 1 ಗ್ರಾಂ ಪೆಲೆಟ್‌ನಲ್ಲಿ, 1171.5 ಅಣುತೂಕದಂತೆ, ಒಟ್ಟು ಬಿಸ್ಮತ್ 3414 ಮೈಕ್ರೋಮೋಲ್. ಶೇಕಡಾ 0.5 ಹೋಗಿದೆ, ಸೂತ್ರದಲ್ಲಿ 4 ಇದ್ದದ್ದು 3.98 ಆಯಿತು, 12 ಇದ್ದ ಆಕ್ಸಿಜನ್ 11.97 ಆಯಿತು. ದುಬಾರಿ ಉಪಕರಣ ಯಾವುದೂ ಇಲ್ಲದೆ ಸಿಕ್ಕ ಈ ಅಂದಾಜು ಎಲ್ಲ ವಾದಗಳ ತಳಪಾಯ.

ಆದರೆ ಬರೀ ಆಕ್ಸಿಜನ್ ಹೋದದ್ದನ್ನು ತಕ್ಕಡಿ ಹಿಡಿಯದು. ಸೂತ್ರಕ್ಕೆ 0.01 ಆಕ್ಸಿಜನ್ ಕಡಿಮೆಯಾದರೆ 1 ಗ್ರಾಂಗೆ 0.14 ಮಿಲಿಗ್ರಾಂ ಮಾತ್ರ ವ್ಯತ್ಯಾಸ. ಟಿಜಿಎ (ಕಾಯಿಸುತ್ತಲೇ ತೂಗುವ) ಯಂತ್ರದಲ್ಲಿ 50 ಮಿಲಿಗ್ರಾಂ ಹಾಕಿದರೆ 7 ಮೈಕ್ರೋಗ್ರಾಂ, ತೇಲುವಿಕೆಯ (ಸುತ್ತಲಿನ ಅನಿಲ ಮಾದರಿಯನ್ನು ಎತ್ತುವುದರ) ತಿದ್ದುಪಡಿಯ ತಪ್ಪೇ ಅದಕ್ಕಿಂತ ದೊಡ್ಡದಿರಬಹುದು. ಅದಕ್ಕೆ ವಿದ್ಯುತ್ ಅಳತೆಯೇ ಗತಿ.

ಸಾಂದ್ರತೆಯನ್ನೂ ಆರ್ಕಿಮಿಡಿಸ್ ವಿಧಾನದಲ್ಲಿ ನೋಡಿಕೊಳ್ಳಿ. ಪೂರ್ಣ ಸಾಂದ್ರತೆ 8.04; ಶೇಕಡಾ 93ಕ್ಕಿಂತ ಕೆಳಗಿದ್ದರೆ ರಂಧ್ರಗಳಲ್ಲಿ ನಿಂತ ತೇವ ಕಡಿಮೆ ತಾಪದ ಗ್ರಾಫನ್ನು ಕೆಡಿಸುತ್ತದೆ. ಕಣಗಳ ಗಾತ್ರವೂ ಎಲ್ಲ ಮಾದರಿಗಳಲ್ಲಿ ಹತ್ತಿರ ಹತ್ತಿರ ಇರಬೇಕು. ಕಣ ಒಂದು ಮೈಕ್ರಾನ್‌ಗಿಂತ ತೀರಾ ಚಿಕ್ಕದಾದರೆ ಒಳ ಒತ್ತಡವೇ ಪೀಕನ್ನು ಅಗಲಿಸುತ್ತದೆ, ಆ ಅಪವಾದ ಖಾಲಿ ತಾಣಗಳ ತಲೆಗೆ ಬೀಳುತ್ತದೆ. ನಿಯೋಬಿಯಂ ಬೆರೆಸಿದ್ದರಲ್ಲಿ ಕಣಗಳು ಚಿಕ್ಕವಾಗಿ ಉಳಿಯುವುದರಿಂದ ಈ ಹೋಲಿಕೆ ಅಲ್ಲಿ ವಿಶೇಷವಾಗಿ ಬೇಕು.

ಪದರ ಜೋಡಣೆಯ ತಪ್ಪು

ಇಟ್ಟಿಗೆ ಗೋಡೆಯಲ್ಲಿ ಒಂದು ವರಸೆ ದಪ್ಪ ತಪ್ಪಿದರೆ ಮೇಲಿನದೆಲ್ಲ ಮಟ್ಟ ತಪ್ಪುವಂತೆ, ಮೂರು ಅಷ್ಟಮುಖಿ ದಪ್ಪದ ಪದರಗಳ ನಡುವೆ ಎರಡರ ಅಥವಾ ನಾಲ್ಕರ ದಪ್ಪದ್ದು ಒಂದು ಸೇರಿಕೊಳ್ಳಬಹುದು. ಈ ಕುಟುಂಬದಲ್ಲಿ ದಪ್ಪ ಬದಲಾದರೆ ಕ್ಯೂರಿ ತಾಪಮಾನವೂ ಬದಲಾಗುತ್ತದೆ: ಎರಡರ ದಪ್ಪದ ಬಿಸ್ಮತ್ ಟೈಟನೇಟ್ ನಿಯೋಬೇಟ್‌ಗೆ 900 ಡಿಗ್ರಿಗೂ ಮೇಲೆ, ನಾಲ್ಕರ ದಪ್ಪದ ಸ್ಟ್ರಾಂಷಿಯಂ ಬಿಸ್ಮತ್ ಟೈಟನೇಟ್‌ಗೆ ಸುಮಾರು 530. ಎರಡು ಮತ್ತು ಮೂರರ ದಪ್ಪ ಕ್ರಮವಾಗಿ ಒಂದಾದ ಮೇಲೊಂದು ಬರುವ ಸಂಯುಕ್ತವೂ ಇದೆ. ಅದರಲ್ಲಿ ಸುಮಾರು 670 ಮತ್ತು 850 ಡಿಗ್ರಿಗಳಲ್ಲಿ ಎರಡು ಬೇರೆ ಬೇರೆ ವೈಪರೀತ್ಯ ಕಾಣುತ್ತವೆ. ಅಂದರೆ ಒಂದೊಂದು ಪದರವೂ ಸ್ವಲ್ಪ ಮಟ್ಟಿಗೆ ತನ್ನದೇ ದಾರಿ ಹಿಡಿಯುತ್ತದೆ. ಇವು ಕ್ರಮವಿಲ್ಲದೆ ಚದುರಿದ್ದರೆ ಎರಡು ಪೀಕ್ ಬದಲು ಒಂದೇ ಪೀಕ್ ಅಗಲವಾಗುತ್ತದೆ. ನಿಯೋಬಿಯಂ ಬೆರೆಸಿದ ಮಾದರಿಯಲ್ಲಿ ಎರಡರ ದಪ್ಪದ ಪದರಕ್ಕೆ ಬೇಕಾದ ಅಯಾನು ಕೈಗೆಟಕುವಂತೆ ಇರುವುದರಿಂದ ಅಲ್ಲಿ ಇದನ್ನು ಮೊದಲು ಶಂಕಿಸಿ.

ಹಿಡಿಯುವುದು ಹೀಗೆ. ಪದರಕ್ಕೆ ಲಂಬವಾದ ದಿಕ್ಕಿನ ಪೀಕ್‌ಗಳು 006, 008, 0014. ಇವು 16.2, 21.6 ಮತ್ತು 38.4 ಡಿಗ್ರಿಗಳಲ್ಲಿ ಬೀಳುತ್ತವೆ. ಲ್ಯಾಂಥನಂ ಹೆಕ್ಸಾಬೋರೈಡ್ ಎಂಬ ಮಾನಕ ಪುಡಿಯಿಂದ ಯಂತ್ರದ ಸ್ವಂತ ಅಗಲ ಅಳೆದು ಕಳೆಯಿರಿ. ಉಳಿದ ಅಗಲ ಈ ಮೂರರಲ್ಲಿ ಹೆಚ್ಚಾಗಿದ್ದು, ಸಮತಲದ 200 ಮತ್ತು 020 ಪೀಕ್‌ಗಳು ಸಣ್ಣಗೆ ಇದ್ದರೆ ಜೋಡಣೆಯ ತಪ್ಪಿನ ಸಂಶಯ ಬಲವಾಗುತ್ತದೆ. ಆದರೆ ಕಣಗಳು ತಟ್ಟೆಯಾಕಾರದವು, ತೆಳುವಾದ ತಟ್ಟೆಯೂ ಇದೇ ದಿಕ್ಕಿನಲ್ಲಿ ಅಗಲ ಕೊಡುತ್ತದೆ. ವ್ಯತ್ಯಾಸ ಇಲ್ಲಿದೆ: ತಟ್ಟೆ ತೆಳುವಾಗಿದ್ದರೆ ಮೂರೂ ಪೀಕ್ ಒಂದೇ ನಿಯಮದಂತೆ ಅಗಲವಾಗುತ್ತವೆ, ಜಾಗ ಬಿಟ್ಟು ಕದಲುವುದಿಲ್ಲ. ಜೋಡಣೆ ತಪ್ಪಿದ್ದರೆ ಒಂದು ಹೆಚ್ಚು, ಒಂದು ಕಡಿಮೆ ಅಗಲವಾಗುತ್ತದೆ, ಕೆಲವು ಎಡಕ್ಕೋ ಬಲಕ್ಕೋ ಸರಿಯುತ್ತವೆ. ಮೂರರಿಂದ ಲೆಕ್ಕ ಹಾಕಿದ ಕೋಶದ ಎತ್ತರ ಒಂದೇ ಬರುವುದಿಲ್ಲ. ಕಣ್ಣಾರೆ ನೋಡಬೇಕೆಂದರೆ ಹೈ ರೆಸಲ್ಯೂಷನ್ ಟಿಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಬೇಕು, ಆದರೆ ಅದು ತೋರಿಸುವುದು ಕೆಲವೇ ಕಣಗಳನ್ನು. ಪೆಲೆಟ್‌ನ ಸರಾಸರಿ ತಿಳಿಯಲು ಎಕ್ಸ್‌ಆರ್‌ಡಿಯೇ ಮೇಲು.

ಪರಿವರ್ತನೆಯನ್ನು ಅಳೆಯುವುದು

ಪೆಲೆಟನ್ನು 0.5 ಮಿ.ಮೀ. ದಪ್ಪಕ್ಕೆ ಉಜ್ಜಿ, ಉಜ್ಜಿದ್ದರಿಂದ ಮೇಲ್ಮೈಗೆ ಬಂದ ಬಿಗಿತ ಹೋಗಲು 700 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ, ಎರಡೂ ಮುಖಕ್ಕೆ ಪ್ಲಾಟಿನಂ ಹಾಕಿ. ಬೆಳ್ಳಿ ಪೇಸ್ಟ್ ಅಗ್ಗ, ಆದರೆ 750 ಡಿಗ್ರಿವರೆಗೆ ಏರುವ ಅಳತೆಯಲ್ಲಿ ಬೆಳ್ಳಿ ಒಳಗೆ ಇಳಿಯುತ್ತದೆ. ಥರ್ಮೋಕಪಲ್ ತುದಿ ಪೆಲೆಟ್‌ನಿಂದ 5 ಮಿ.ಮೀ. ಒಳಗಿರಲಿ. ಕುಲುಮೆಯ ಡಿಸ್‌ಪ್ಲೇ ತೋರಿಸುವ ತಾಪಮಾನವನ್ನು ಬರೆದುಕೊಂಡರೆ 10, 15 ಡಿಗ್ರಿ ತಪ್ಪುವುದು ಮಾಮೂಲು, ನಾವು ಹುಡುಕುತ್ತಿರುವ ದೋಷದ ಪರಿಣಾಮ ಅದಕ್ಕಿಂತ ಚಿಕ್ಕದಿರಬಹುದು.

1, 10, 100 ಕಿಲೋಹರ್ಟ್ಜ್ ಮತ್ತು 1 ಮೆಗಾಹರ್ಟ್ಜ್‌ನಲ್ಲಿ, ನಿಮಿಷಕ್ಕೆ 2 ಡಿಗ್ರಿಯಂತೆ ಏರುವಾಗಲೂ ಇಳಿಯುವಾಗಲೂ ಅಳೆಯಿರಿ. ಮೊದಲ ಏರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ; ತೇವ, ಉಳಿದ ಒತ್ತಡ, ಹಳೆಯ ಡೊಮೇನ್‌ಗಳು (ಧ್ರುವೀಕರಣ ಒಂದೇ ದಿಕ್ಕಿಗಿರುವ ಭಾಗಗಳು) ಎಲ್ಲ ಅದರಲ್ಲಿ ಬೆರೆತಿರುತ್ತವೆ. ಎರಡನೆಯ ಮತ್ತು ಮೂರನೆಯ ಸುತ್ತು ಒಂದಕ್ಕೊಂದು ಕೂಡಿದರೆ ಮಾತ್ರ ಮುಂದಿನ ಮಾತು.

ಗ್ರಾಫ್ ಓದುವಾಗ ಆವೃತ್ತಿ ಬದಲಾದರೂ ಕದಲದ ಪೀಕ್ ಕ್ಯೂರಿ ತಾಪಮಾನದ್ದು. ಆವೃತ್ತಿ ಹೆಚ್ಚಿದಂತೆ ಮೇಲಿನ ತಾಪಕ್ಕೆ ಸರಿಯುತ್ತ ಕುಗ್ಗುವ ಉಬ್ಬು ಪ್ರಾವಸ್ಥಾ ಪರಿವರ್ತನೆಯದ್ದಲ್ಲ, ಜಿಗಿದಾಡುವ ಆಕ್ಸಿಜನ್ ಖಾಲಿ ತಾಣಗಳದ್ದಿರಬಹುದು. ಅಂಥ ಉಬ್ಬಿನ ಸಕ್ರಿಯಣ ಶಕ್ತಿ (ಒಂದು ಜಿಗಿತಕ್ಕೆ ಬೇಕಾದ ಶಕ್ತಿ) ಸುಮಾರು 1 ಎಲೆಕ್ಟ್ರಾನ್‌ವೋಲ್ಟ್ ಬಂದರೆ ಸಂಶಯ ಗಟ್ಟಿಯಾಗುತ್ತದೆ. ಇದನ್ನು ಹೊಸ ಪ್ರಾವಸ್ಥೆ ಎಂದು ತಪ್ಪಾಗಿ ಓದುವುದು ಈ ವಿಷಯದಲ್ಲಿ ಅತಿ ಸಾಮಾನ್ಯವಾದ ಎಡವಟ್ಟು. 1 ಕಿಲೋಹರ್ಟ್ಜ್‌ನಲ್ಲಿ ವಾಹಕತೆ ಎಷ್ಟು ಏರಿರುತ್ತದೆಂದರೆ ನಿಜವಾದ ಪೀಕ್ ಅದರಲ್ಲಿ ಮುಳುಗಿಹೋಗುತ್ತದೆ, ಗ್ರಾಫ್ ಬರೀ ಏರುತ್ತಲೇ ಹೋಗುತ್ತದೆ. ಕ್ಯೂರಿ-ವೈಸ್ ಲೆಕ್ಕಕ್ಕೆ (ಕ್ಯೂರಿ ತಾಪಮಾನದ ಮೇಲೆ ಡೈಎಲೆಕ್ಟ್ರಿಕ್ ಸ್ಥಿರಾಂಕ ಇಳಿಯುವ ನಿಯಮದ ಲೆಕ್ಕಕ್ಕೆ) 1 ಮೆಗಾಹರ್ಟ್ಜ್ ದತ್ತಾಂಶವನ್ನೇ ಬಳಸಿ. ಶುದ್ಧ ಮಾದರಿಯ ಮತ್ತು ನಿಯೋಬಿಯಂ ಮಾದರಿಯ ಗ್ರಾಫ್‌ಗಳನ್ನು ಒಂದರ ಮೇಲೊಂದು ಇಟ್ಟು ನೋಡಿ: ಎರಡನೆಯದರಲ್ಲಿ ವಾಹಕತೆ ಅನೇಕ ಪಟ್ಟು ಇಳಿದು ಪೀಕ್ ಕಡಿಮೆ ಆವೃತ್ತಿಯಲ್ಲೂ ಎದ್ದು ಕಾಣುತ್ತದೆ.

ಡಿಎಸ್‌ಸಿಯಲ್ಲಿ (ಕಾಯಿಸುವಾಗ ಮಾದರಿ ಹೀರುವ ಶಾಖ ಅಳೆಯುವ ಯಂತ್ರದಲ್ಲಿ) ನೋಡುವವರಿಗೆ ಒಂದು ಮಾತು. ಅಲ್ಯೂಮಿನಿಯಂ ಪ್ಯಾನ್ ಹಾಕಬೇಡಿ. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ, ನಮಗೆ ಬೇಕಾದ್ದು 675. ಪ್ಯಾನ್ ಕರಗಿ ಸೆನ್ಸರ್ ಹಾಳಾಗುತ್ತದೆ. ಅಲ್ಯೂಮಿನಾ ಪ್ಯಾನ್ ಬಳಸಿ, 40 ಮಿಲಿಗ್ರಾಂ ಮಾದರಿ, ನಿಮಿಷಕ್ಕೆ 10 ಡಿಗ್ರಿ. ಅದೇ ಅಲ್ಯೂಮಿನಿಯಂನ ಒಂದು ಚೂರನ್ನು ಅಲ್ಯೂಮಿನಾ ಪ್ಯಾನ್‌ನಲ್ಲಿ ಕರಗಿಸಿ 660.3ಕ್ಕೆ, ಸ್ಫಟಿಕ ಶಿಲೆಯ ಪುಡಿಯಿಂದ 573ಕ್ಕೆ ತಾಪಮಾನ ತಾಳೆ ನೋಡಿಕೊಂಡರೆ ನಮ್ಮ ಜಾಗಕ್ಕೆ ತೀರಾ ಹತ್ತಿರದ ಎರಡು ಗುರುತು ಸಿಕ್ಕಂತಾಯಿತು.

ಬಿಸಿ ವೇದಿಕೆಯ ಎಕ್ಸ್‌ಆರ್‌ಡಿ ಇದ್ದರೆ 32ರಿಂದ 34 ಡಿಗ್ರಿಯ ಕಿರಿದಾದ ಕಿಟಕಿ ಸಾಕು. ಕೋಣೆಯ ತಾಪದಲ್ಲಿ 32.85 ಮತ್ತು 33.08ರಲ್ಲಿ ಎರಡು ಪೀಕ್ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತವೆ. ಬಿಸಿ ಏರಿದಂತೆ ಎರಡೂ ಎಡಕ್ಕೆ ಸರಿಯುತ್ತ ಹತ್ತಿರವಾಗುತ್ತವೆ, ನಡುವಿನ ತಗ್ಗು ತುಂಬುತ್ತದೆ, ಕ್ಯೂರಿ ತಾಪಮಾನ ದಾಟಿದಾಗ ಒಂದೇ ಪೀಕ್ ಉಳಿಯುತ್ತದೆ. ತಾಮ್ರದ ಎರಡನೆಯ ಕಿರಣ ಇಲ್ಲಿ ಸುಮಾರು 0.08 ಡಿಗ್ರಿಯ ಆಚೆ ಸಣ್ಣ ನೆರಳು ಹಾಕುತ್ತದೆ, ಅದನ್ನು ಉಳಿದ ಒಡಕೆಂದು ಎಣಿಸಬೇಡಿ. ದೋಷ ಹೆಚ್ಚಿರುವ ಮಾದರಿಯಲ್ಲಿ ಈ ಸೇರುವಿಕೆ ಒಂದೇ ತಾಪದಲ್ಲಿ ಆಗದೆ ಹಲವು ಡಿಗ್ರಿಗಳುದ್ದಕ್ಕೂ ಎಳೆಯುತ್ತದೆ, ಒಂದಾದ ಪೀಕ್ ಮತ್ತು ಒಡೆದ ಜೋಡಿ ಸ್ವಲ್ಪ ಹೊತ್ತು ಜೊತೆಗೇ ಇರುತ್ತವೆ. ವಿದ್ಯುದಂಶವಿರುವ ಖಾಲಿ ತಾಣಗಳು ಸುತ್ತಮುತ್ತ ಅಡ್ಡಾದಿಡ್ಡಿ ವಿದ್ಯುತ್ ಕ್ಷೇತ್ರ ಹುಟ್ಟಿಸುತ್ತವೆ. ಒಂದೊಂದು ಜಾಗಕ್ಕೂ ತನ್ನದೇ ಪರಿವರ್ತನಾ ತಾಪ ಬಂದಂತಾಗುತ್ತದೆ.

ಹಿಂದಕ್ಕೆ ತರುವ ಪರೀಕ್ಷೆ

ಈಗ ಮುಖ್ಯ ಕೆಲಸ. ಒಂದೇ ಪೆಲೆಟ್ ಮೇಲೆ, ಈ ಕ್ರಮದಲ್ಲೇ.

ಮೊದಲು ಹರಿಯುವ ನೈಟ್ರೋಜನ್‌ನಲ್ಲಿ 700 ಡಿಗ್ರಿ, 6 ಗಂಟೆ. ಆಕ್ಸಿಜನ್ ಖಾಲಿ ತಾಣ ಹೆಚ್ಚಿಸಲು. ಹೈಡ್ರೋಜನ್ ಬೆರೆತ ಅನಿಲ ಬೇಡವೇ ಬೇಡ: ಬಿಸ್ಮತ್ ಲೋಹವಾಗಿ ಬೇರ್ಪಟ್ಟು, 271 ಡಿಗ್ರಿಯಲ್ಲೇ ಕರಗುವ ಅದು ಪ್ಲಾಟಿನಂ ತಂತಿ, ಎಲೆಕ್ಟ್ರೋಡ್ ಎರಡನ್ನೂ ತಿನ್ನುತ್ತದೆ. ಪೆಲೆಟ್ ಮುರಿದು ಅಂಚು ನೋಡಿದರೆ ಎಷ್ಟು ಆಳ ಇಳಿದಿದೆ ಗೊತ್ತಾಗುತ್ತದೆ. ಇದಕ್ಕಾಗಿಯೇ ಜೊತೆಗೊಂದು ಬಲಿ ಪೆಲೆಟ್ ಇಟ್ಟಿರಿ. ತಿಳಿ ಹಳದಿ ಬಣ್ಣ ಹೊರಗಿನಿಂದ ಬೂದಿಗೆ ತಿರುಗಿ, ನಡುವೆ ಮಾತ್ರ ಹಳೆಯ ಬಣ್ಣ ಉಳಿದಿದ್ದರೆ ಸಮಯ ಸಾಲದು. ಆ ಪೆಲೆಟ್‌ನಿಂದ ಬರುವ ಗ್ರಾಫ್ ಎರಡು ವಸ್ತುಗಳ ಮಿಶ್ರಣ.

ಅಳೆದ ಮೇಲೆ ಶುದ್ಧ ಆಕ್ಸಿಜನ್‌ನಲ್ಲಿ 700 ಡಿಗ್ರಿ, 12 ಗಂಟೆ, ನಿಧಾನದ ಇಳಿಕೆ. ಮತ್ತೆ ಅಳೆಯಿರಿ. ಇನ್ನೂ 12 ಗಂಟೆ ಕೊಟ್ಟು ಮತ್ತೆ ಅಳೆದಾಗ ಏನೂ ಬದಲಾಗದಿದ್ದರೆ ಆಕ್ಸಿಜನ್ ಸಮಸ್ಥಿತಿಗೆ ಬಂದಿದೆ ಎಂದರ್ಥ. ಇಷ್ಟರಲ್ಲಿ ಉಬ್ಬು ಮಾಯವಾಗಿ, ಪೀಕ್ ತನ್ನ ಜಾಗಕ್ಕೆ ಮರಳಿ, ಬಿಸಿ ಏರುವಾಗಿನ ಮತ್ತು ಇಳಿಯುವಾಗಿನ ಪೀಕ್‌ಗಳ ನಡುವಿನ ಅಂತರ ಕಿರಿದಾದರೆ ಆ ಭಾಗ ಆಕ್ಸಿಜನ್ ಖಾಲಿ ತಾಣಗಳದ್ದು. ಡೊಮೇನ್ ಗೋಡೆಗಳನ್ನು ಕಟ್ಟಿಹಾಕಿ ಅಂತರ ಹಿಗ್ಗಿಸುವುದು ಅವುಗಳ ಕೆಲಸ.

ಹಿಂದಕ್ಕೆ ಬರದ ಭಾಗಕ್ಕೆ ಮೂರನೆಯ ಹೆಜ್ಜೆ: ಎರಡನೆಯ ಮಾದರಿಯ, ಅಂದರೆ ಬಿಸ್ಮತ್ ಹೆಚ್ಚಿರುವ ಪುಡಿಯಲ್ಲಿ ಪೆಲೆಟನ್ನು ಹುದುಗಿಸಿ, ಮುಚ್ಚಿದ ಮೂಸೆಯಲ್ಲಿ 900 ಡಿಗ್ರಿ, 24 ಗಂಟೆ. ಎಲೆಕ್ಟ್ರೋಡ್ ಮೊದಲೇ ಉಜ್ಜಿ ತೆಗೆದಿರಬೇಕು. ಪೆಲೆಟ್ 0.3 ಮಿ.ಮೀ.ಗೆ ತೆಳುವಾಗಿರಲಿ, ಬಿಸ್ಮತ್ ಒಳಗೆ ಚಲಿಸುವುದು ಆಕ್ಸಿಜನ್‌ಗಿಂತ ಬಹಳ ನಿಧಾನ. ಮೊದಲೂ ಆಮೇಲೂ ತೂಗಿ. ತೂಕ ಏರಿ, ಜೊತೆಗೆ ಪೀಕ್ ಸರಿದರೆ ಬಿಸ್ಮತ್ ಖಾಲಿ ತಾಣ ಎಂದು ಹೇಳಲು ಆಧಾರ ಸಿಕ್ಕಿತು. ತೂಕ ಏರಿಯೂ ಪೀಕ್ ಕದಲದಿದ್ದರೆ ಹೆಚ್ಚುವರಿ ಬಿಸ್ಮತ್ ಕಣಗಳ ಅಂಚಿನಲ್ಲಿ ಕೂತಿರಬಹುದು, 27.7ರ ಪೀಕ್ ಹುಡುಕಿ.

ಇದಕ್ಕೂ ಜಗ್ಗದೆ ಉಳಿದದ್ದು ಪದರ ಜೋಡಣೆಯದ್ದೋ, ಬೆರಕೆ ಅಯಾನಿನದ್ದೋ, ಕಣದ ಗಾತ್ರದ್ದೋ. ಎಕ್ಸ್‌ಆರ್‌ಡಿಯಲ್ಲಿ 00 ಸಾಲಿನ ಪೀಕ್‌ಗಳು ಏನು ಹೇಳಿದ್ದವೋ ಅದರ ಜೊತೆ ಈಗ ತಾಳೆ ಹಾಕಿ.

ಎಲ್ಲ ಪದರ ಪೆರೊವ್‌ಸ್ಕೈಟ್‌ಗೂ ಉತ್ತರ ಒಂದೇ ಅಲ್ಲ

ಖಾಲಿ ತಾಣ ಇದ್ದರೆ ಕ್ಯೂರಿ ತಾಪಮಾನ ಇಳಿಯಲೇಬೇಕು ಎಂಬ ನಂಬಿಕೆ ಬೇಡ. ಸ್ಟ್ರಾಂಷಿಯಂ ಬಿಸ್ಮತ್ ಟ್ಯಾಂಟಲೇಟ್‌ನಲ್ಲಿ ಸ್ಟ್ರಾಂಷಿಯಂ ಕಡಿಮೆ ಮಾಡಿ ಬಿಸ್ಮತ್ ಹೆಚ್ಚಿಸಿದರೆ ಕ್ಯೂರಿ ತಾಪಮಾನ ಏರುತ್ತದೆ. ಎರಡು ಬಿಸ್ಮತ್ ಮೂರು ಸ್ಟ್ರಾಂಷಿಯಂ ಜಾಗಕ್ಕೆ ಬಂದು ಒಂದು ಜಾಗ ಖಾಲಿ ಬಿಡುತ್ತವೆ, ಒಂಟಿ ಜೋಡಿಯ ಬಿಸ್ಮತ್ ಪೆರೊವ್‌ಸ್ಕೈಟ್ ಪದರದೊಳಗೆ ಬಂದು ಧ್ರುವೀಯ ವಿರೂಪವನ್ನು ಬಲಪಡಿಸುತ್ತದೆ. ಆ ವಸ್ತುವಿನಲ್ಲಿ ಫೆರೋಎಲೆಕ್ಟ್ರಿಕ್ ಪ್ರಾವಸ್ಥೆಗೂ ಟೆಟ್ರಾಗೊನಲ್‌ಗೂ ನಡುವೆ ಇನ್ನೊಂದು ಅಧ್ರುವೀಯ ಪ್ರಾವಸ್ಥೆ ಇರುವುದರಿಂದ, ಡೈಎಲೆಕ್ಟ್ರಿಕ್ ಪೀಕ್ ಒಂದು ಕಡೆ, ಎಕ್ಸ್‌ಆರ್‌ಡಿಯಲ್ಲಿ ಟೆಟ್ರಾಗೊನಲ್ ಆಗುವುದು ಇನ್ನೊಂದು ಕಡೆ ಬಂದರೂ ಗಾಬರಿಯಾಗಬೇಕಿಲ್ಲ.

ಇನ್ನು ಬಿಸ್ಮತ್ ವನಡೇಟ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಬಿ. ಆರ್. ವರ್ಮ, ಸಿ. ಎನ್. ಆರ್. ರಾವ್ ಮತ್ತು ಸಂಗಡಿಗರು 1990ರ ಸುಮಾರಿಗೆ ಇದರ ಮೇಲೆ ಕೆಲಸ ಮಾಡಿದರು. ಇಲ್ಲಿ ಆಕ್ಸಿಜನ್ ಖಾಲಿ ತಾಣ ಸೂತ್ರದಲ್ಲೇ ಇದೆ, 6 ಇರಬೇಕಾದಲ್ಲಿ 5.5. ಆ ಖಾಲಿ ತಾಣಗಳು ಕ್ರಮವಾಗಿ ಜೋಡಿಕೊಂಡಾಗ ಒಂದು ಪ್ರಾವಸ್ಥೆ, ಚದುರಿದಾಗ ಇನ್ನೊಂದು. ಸುಮಾರು 450 ಮತ್ತು 570 ಡಿಗ್ರಿಗಳಲ್ಲಿ ಆಗುವ ಪರಿವರ್ತನೆಗಳೇ ಖಾಲಿ ತಾಣಗಳ ಮರುಜೋಡಣೆ. ವನಡಿಯಂ ಜಾಗಕ್ಕೆ ಸ್ವಲ್ಪ ತಾಮ್ರ ಹಾಕಿ ಆ ಜೋಡಣೆ ಕೆಡಿಸಿದರೆ ಹೆಚ್ಚಿನ ತಾಪದ ಪ್ರಾವಸ್ಥೆ ಕೋಣೆಯ ತಾಪದವರೆಗೂ ಉಳಿದು, ವಸ್ತು ಒಳ್ಳೆಯ ಆಕ್ಸಿಜನ್ ಅಯಾನು ವಾಹಕವಾಗುತ್ತದೆ. ಮೇಲಿನ ಪರೀಕ್ಷೆಯನ್ನು ಈ ವಸ್ತುವಿಗೆ ಬಳಸುವಾಗ ಆಕ್ಸಿಜನ್‌ನಲ್ಲಿ ಕಾಯಿಸಿ ಖಾಲಿ ತಾಣ ಪೂರ್ತಿ ತುಂಬುತ್ತೇನೆಂದು ಹೊರಡಬೇಡಿ, ಅವು ತುಂಬುವಂಥವಲ್ಲ. ಇಲ್ಲಿ ಬದಲಿಸಬಹುದಾದ್ದು ತಣಿಸುವ ವೇಗ ಮತ್ತು ಬೆರಕೆ ಅಯಾನಿನ ಪ್ರಮಾಣ, ಆ ಎರಡನ್ನು ಇಟ್ಟುಕೊಂಡೇ ನಾಲ್ಕು ಮಾದರಿಗಳನ್ನು ಹೊಸದಾಗಿ ಯೋಜಿಸಬೇಕು.